ಆಯುಧಪೂಜೆಗೆ ಪಟ್ಟಿ ಅಳಿಸಿದವರು ಯಾರು?

ಆಯುಧಪೂಜೆ ಮುಗಿಸಿ ಬಂದು ಗ್ರಂಥಾಲಯದ ಬಾಗಿಲು ತೆಗೆದರೆ, ಕಂಪ್ಯೂಟರಿನಲ್ಲಿ ಪುಸ್ತಕಗಳ ಪಟ್ಟಿಯೇ ಮಾಯ! ಮುಖ್ಯಸ್ಥರಾದ ಚನ್ನವೀರಯ್ಯನವರು ಕೆಂಡವಾದರು.

"ಹಬ್ಬದ ಹಿಂದಿನ ದಿನ ಕಂಪ್ಯೂಟರ್ ಒರೆಸಿದ್ದು ದ್ಯಾಮವ್ವ. ಏನೋ ಒತ್ತಿದ್ದಾಳೆ. ಇವತ್ತೇ ಮನೆಗೆ ಕಳಿಸ್ತೀನಿ!"

ಕಸ ಗುಡಿಸುವ ದ್ಯಾಮವ್ವ ಅಳತೊಡಗಿದಳು. ಆಪರೇಟರ್ ಫರ್ಜಾನಾಳಿಗೆ ತಡೆಯಲಾಗಲಿಲ್ಲ.

"ಸಾರ್, ಯಾರು ಯಾವಾಗ ಏನು ಅಳಿಸಿದರೂ ಕಂಪ್ಯೂಟರ್ ತನ್ನೊಳಗೆ ಬರೆದಿಟ್ಟುಕೊಂಡಿರುತ್ತೆ. ಅದಕ್ಕೆ ಲಾಗ್ ಅಂತಾರೆ. ಅರ್ಧ ಗಂಟೆ ಕೊಡಿ, ನೋಡ್ತೀನಿ."

ಅರ್ಧ ಗಂಟೆಯಲ್ಲಿ ಹೆಸರು ಸಿಕ್ಕಿತು. ಫರ್ಜಾನಾ ದುಪಟ್ಟಾ ಬಾಯಿಗೆ ಒತ್ತಿ ನಗು ನುಂಗಿಕೊಂಡಳು.

"ಯಾರಂತೆ? ಎಲ್ಲರೆದುರೇ ಹೇಳಮ್ಮ!"

"ಹೇಳ್ತೀನಿ ಸಾರ್. ಆದರೆ ಪಾಪ, ಬೇಕಂತ ಮಾಡಿದ್ದಲ್ಲ. ಹಬ್ಬಕ್ಕೆ ಎಲ್ಲ ಚೊಕ್ಕಟ ಇರಲಿ ಅಂತ ಹಳೇದನ್ನೆಲ್ಲ ತೆಗೆದುಹಾಕಿದ್ದಾರೆ. ಈ ಗ್ರಂಥಾಲಯಕ್ಕೆ ಇಪ್ಪತ್ತೆಂಟು ವರ್ಷ ದುಡಿದ ಜೀವ. ಪಟ್ಟಿಯನ್ನೂ ವಾಪಸ್ ತಂದಿದ್ದೀನಿ."

ಚನ್ನವೀರಯ್ಯನವರ ಮನಸ್ಸು ಕರಗಿತು. "ಇಪ್ಪತ್ತೆಂಟು ವರ್ಷವಾ? ಹಾಗಾದರೆ ಕೆಲಸದಿಂದ ತೆಗೆಯೋದು ಬೇಡ. ದ್ಯಾಮವ್ವನ ಹತ್ತಿರ ತಪ್ಪಾಯ್ತು ಅನ್ನಲಿ. ಎಲ್ಲರಿಗೂ ಮಂಡಕ್ಕಿ, ಮಿರ್ಚಿ ತರಿಸಲಿ. ಅಷ್ಟು ಸಾಕು."

ಫರ್ಜಾನಾ ಮೆಲ್ಲಗೆ ಪರದೆಯನ್ನು ಅವರ ಕಡೆ ತಿರುಗಿಸಿದಳು. ಅಲ್ಲಿದ್ದದ್ದು ಅವರದೇ ಹೆಸರು.

ಚನ್ನವೀರಯ್ಯನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹೆಸರು ಬದಲಾಗಲಿಲ್ಲ.

"ತಪ್ಪಾಯ್ತು ದ್ಯಾಮವ್ವಾ. ಮಂಡಕ್ಕಿ ಈಗಲೇ ತರಿಸ್ತೀನಿ. ಮುಂದಿನ ಆಯುಧಪೂಜೆಗೂ ಕಂಪ್ಯೂಟರ್ ನೀನೇ ಒರೆಸು. ನನ್ನ ಕೈಗೆ ಪೊರಕೆ ಕೊಟ್ಟುಬಿಡು."