ಹಿಡಿಯಲ್ಲಿ ನಿಂತ ಉಪ್ಪು

"ನೀರು ಸೇದುವುದು, ಸೌದೆ ಒಡೆಯುವುದು, ಅಡುಗೆ ಮಾಡುವುದು, ಇದರಲ್ಲೇ ನನ್ನ ದಿನ ಮುಗಿಯುತ್ತದೆ. ಗುರುಗಳೇ, ಇವುಗಳಿಂದ ನನಗೆ ಬಿಡುಗಡೆ ಎಂದು?" ಎಂದು ಸುಬ್ರಾಯ ಕೇಳಿದ.

ನೆಟ್ಟಗೆ ಕೂರಲೂ ಆಗದಷ್ಟು ಅವನು ಬಳಲಿದ್ದ. ಆತ್ಮವನ್ನು ಅರಿಯಬೇಕೆಂದು ಆಶ್ರಮಕ್ಕೆ ಬಂದು ಏಳು ವರ್ಷವಾಗಿತ್ತು. ಅರಿತದ್ದು ಬಾವಿಯ ಆಳ, ಸೌದೆಯ ಭಾರ, ಒಲೆಯ ಹೊಗೆ. ಧ್ಯಾನಕ್ಕೆ ಕುಳಿತರೆ ಕಣ್ಣು ತಾನಾಗಿ ಮುಚ್ಚುತ್ತಿತ್ತು, ಆದರೆ ಅದು ನಿದ್ದೆ. ಇಂದು ಸರಿಯಾದ ಉತ್ತರ ಸಿಗದಿದ್ದರೆ ಹೊರಟೇ ಬಿಡುವುದೆಂದು ಬಟ್ಟೆಯ ಗಂಟನ್ನೂ ಕಟ್ಟಿಟ್ಟಿದ್ದ.

ಗುರುಗಳಿಗೆ ವಯಸ್ಸಾಗಿತ್ತು. ಇಂಥ ಪ್ರಶ್ನೆಗಳನ್ನು ಕೇಳಿ ಕೇಳಿ ಅವರಿಗೂ ಸಾಕಾಗಿತ್ತು. ಗೋಡೆಗೆ ಒರಗಿಕೊಂಡು ಒಂದು ಕತೆ ಹೇಳಿದರು.

ಒಂದು ದೇವಸ್ಥಾನದಲ್ಲಿ ಒಬ್ಬ ಅಡುಗೆಯವನಿದ್ದ. ದಿನಕ್ಕೆ ಇನ್ನೂರು ಎಲೆಯ ಊಟ. ನೈವೇದ್ಯವಾಗುವ ಮೊದಲು ಅಡುಗೆಯ ರುಚಿ ನೋಡುವಂತಿಲ್ಲ. ಒಂದು ಹನಿ ನಾಲಿಗೆಗೆ ತಾಗಿದರೂ ಇಡೀ ಅಡುಗೆ ಎಂಜಲು. ಉಪ್ಪನ್ನು ಕೈಯ ಅಂದಾಜಿನಲ್ಲೇ ಹಾಕಬೇಕು. ಇಪ್ಪತ್ತೆಂಟು ವರ್ಷ ಅವನು ಹಾಗೆಯೇ ಹಾಕಿದ. ಒಮ್ಮೆಯೂ ಹೆಚ್ಚು ಕಡಿಮೆಯಾಗಲಿಲ್ಲ. ಎಲೆಯ ತುದಿಗೆ ಬಡಿಸಿದ ಉಪ್ಪನ್ನು ಯಾರೂ ಮುಟ್ಟುವುದಿಲ್ಲ ಎನ್ನುವುದೇ ಅವನ ಹೆಮ್ಮೆ.

ಆದರೆ ಒಲೆಯ ಮುಂದಿನ ಬಾಳು ಅವನಿಗೆ ಬೇಸರ ತಂದಿತ್ತು. ಕಾಶಿಗೆ ಹೋಗಬೇಕು, ಗಂಗೆಯ ದಡದಲ್ಲಿ ಕುಳಿತು ತಾನು ಯಾರೆಂದು ತಿಳಿಯಬೇಕು ಎಂಬುದೊಂದೇ ಆಸೆ. ತನ್ನನ್ನು ಬಿಟ್ಟುಕೊಡಿ ಎಂದು ದೇವಸ್ಥಾನದ ಪಾರುಪತ್ಯಗಾರರನ್ನು ವರ್ಷ ವರ್ಷವೂ ಬೇಡಿದ. ಕೊನೆಗೆ ಅವರು ಒಪ್ಪಿದರು. ಬೇರೊಬ್ಬ ಅಡುಗೆಯವನು ಗೊತ್ತಾದ. ಮರುದಿನ ಬೆಳಿಗ್ಗೆ ಯಾತ್ರಿಕರ ಜೊತೆ ಹೊರಡುವುದೆಂದು ನಿಶ್ಚಯವಾಯಿತು.

ಆ ಕೊನೆಯ ದಿನ ಸಾರು ಕುದಿಯುತ್ತಿತ್ತು. ಅಡುಗೆಯವನು ಹಿಡಿ ಉಪ್ಪು ತೆಗೆದು ಕೊಪ್ಪರಿಗೆಯ ಮೇಲೆ ಕೈ ಚಾಚಿದ. ಕೈ ಅಲ್ಲೇ ನಿಂತಿತು. ಈಗಾಗಲೇ ಹಾಕಿದ್ದೇನೆಯೇ? ನೆನಪಾಗಲಿಲ್ಲ.

ಉಪ್ಪಿನ ಪಾತ್ರೆಯೊಳಗೆ ಇಣುಕಿದ. ಅದು ಎಂದಿನಂತೆಯೇ ಇತ್ತು. ಬೆಳಗಿನಿಂದ ಮಾಡಿದ್ದನ್ನು ಒಂದೊಂದಾಗಿ ನೆನೆಯಲು ಹೊರಟ. ಬೇಳೆ ತೊಳೆದದ್ದು ನೆನಪಿರಲಿಲ್ಲ. ಒಲೆ ಹೊತ್ತಿಸಿದ್ದೂ ನೆನಪಿರಲಿಲ್ಲ. ನಿನ್ನೆಯದೂ ಇಲ್ಲ, ಮೊನ್ನೆಯದೂ ಇಲ್ಲ. ಎಂದೂ ನೋಡದ ಕಾಶಿಯ ಒಂದೊಂದು ಮೆಟ್ಟಿಲೂ ಕಣ್ಣಿಗೆ ಕಟ್ಟಿದಂತಿತ್ತು. ದಿನವೂ ನಿಂತ ಒಲೆಯ ಮುಂದೆ ತಾನು ಇದ್ದ ನೆನಪೇ ಇರಲಿಲ್ಲ. ಇಷ್ಟು ವರ್ಷ ಉಪ್ಪು ಹಾಕಿದ್ದು ಬರಿಯ ಕೈ. ಅವನಿಗೆ ಹೆದರಿಕೆಯಾಯಿತು. ಆಯಾಸ ಮಾತ್ರ ತನ್ನದು, ಬದುಕಿದವರು ಯಾರೋ ಅನ್ನಿಸಿತು.

ಹಿಡಿಯಲ್ಲಿ ಉಪ್ಪಿನ ಹರಳುಗಳು ಚುಚ್ಚುತ್ತಿದ್ದವು. ಒಲೆಯ ಝಳ ಮೊಣಕಾಲಿಗೆ ತಾಗುತ್ತಿತ್ತು. ಬೆನ್ನು ನೋಯುತ್ತಿತ್ತು. ಎಲ್ಲವೂ ಎಂದಿನವೇ. ಅವು ಅವನಿಗೆ ಗೊತ್ತಾದದ್ದು ಮಾತ್ರ ಅಂದು.

ಅವನು ಉಪ್ಪನ್ನು ಪಾತ್ರೆಗೆ ಮರಳಿ ಹಾಕಿ ಕೈ ತೊಳೆದ. ನೈವೇದ್ಯವಾಯಿತು. ಎಲೆ ಹಾಕಿದಾಗ ಪಂಕ್ತಿಯ ಮುಂದೆ ನಿಂತು, ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ತಿಳಿಯದು, ನೋಡಿಕೊಂಡು ಉಣ್ಣಿ ಎಂದುಬಿಟ್ಟ. ಇಪ್ಪತ್ತೆಂಟು ವರ್ಷದ ಹೆಸರು ಒಂದು ಮಾತಿಗೆ ಹೋಯಿತು. ಇನ್ನೂರು ಜನ ಹರಟೆ ನಿಲ್ಲಿಸಿ, ಮೊದಲ ತುತ್ತನ್ನು ಬಾಯಲ್ಲಿಟ್ಟುಕೊಂಡು ನೋಡಿದರು. ಆ ಊಟದ ಮನೆಯಲ್ಲಿ ಅಷ್ಟು ಗಮನವಿಟ್ಟು ಯಾರೂ ಎಂದೂ ಉಂಡಿರಲಿಲ್ಲ.

ಸಂಜೆ ಪಾರುಪತ್ಯಗಾರರ ಬಳಿಗೆ ಹೋಗಿ ತಾನು ಕಾಶಿಗೆ ಹೊರಡುವುದಿಲ್ಲವೆಂದ.

"ಇದೇನಯ್ಯ, ಒಂದು ಹಿಡಿ ಉಪ್ಪಿಗೆ ಕಾಶಿಯನ್ನೇ ಬಿಡುತ್ತೀಯಾ?" ಎಂದು ಅವರು ಕೇಳಿದರು.

"ಆ ಒಲೆಯ ಮುಂದೆ ನಾನು ನಿಂತದ್ದು ಇವತ್ತು ಒಂದೇ ದಿನ, ಸ್ವಾಮಿ. ನಾಳೆಯೂ ಒಮ್ಮೆ ನಿಂತು ನೋಡುತ್ತೇನೆ."

ಮರುದಿನ ಯಾತ್ರಿಕರು ಹೊರಟುಹೋದರು. ಅವನು ಬೇಳೆ ತೊಳೆಯುತ್ತ ಕುಳಿತ. ಬೆನ್ನುನೋವು ಕಡಿಮೆಯಾಗಲಿಲ್ಲ, ಎಲೆಗಳ ಲೆಕ್ಕವೂ ಕಡಿಮೆಯಾಗಲಿಲ್ಲ. ಆದರೆ ಬಿಡುಗಡೆ ಕೊಡಿ ಎಂದು ಅವನು ಮತ್ತೆ ಯಾರನ್ನೂ ಬೇಡಲಿಲ್ಲ.

ಗುರುಗಳು ಇಷ್ಟು ಹೇಳಿ ಕಣ್ಣು ಮುಚ್ಚಿಕೊಂಡರು. ಸುಬ್ರಾಯನಿಗೆ ಕತೆ ಪೂರ್ತಿಯಾದಂತೆ ಅನ್ನಿಸಲಿಲ್ಲ. ಅವನ ಮನಸ್ಸು ಇನ್ನೂ ಕೊಪ್ಪರಿಗೆಯ ಹತ್ತಿರವೇ ಇತ್ತು. ಅಂದಿನ ಸಾರಿಗೆ ಉಪ್ಪಿತ್ತೋ ಇಲ್ಲವೋ, ಅದನ್ನು ತಾವು ಹೇಳಲೇ ಇಲ್ಲವಲ್ಲ ಎಂದು ಕೇಳಿದ.

ಗುರುಗಳು ಕಣ್ಣು ತೆರೆಯದೆ ಹೇಳಿದರು: "ಅದು ನನಗೆ ಗೊತ್ತಿಲ್ಲಪ್ಪ, ಇವತ್ತು ಮಧ್ಯಾಹ್ನ ನಾವಿಬ್ಬರೂ ಉಂಡ ನಿನ್ನ ಸಾರಿಗಂತೂ ಉಪ್ಪಿರಲಿಲ್ಲ."