ಮೊಗ್ಗಿನ ಗಡುವು

“ಕೇಳಿರಪ್ಪೋ ಕೇಳಿ! ರಾಜಕುಮಾರಿ ನಾಗಾಂಬಿಕೆಯವರ ಮೂರು ಒಗಟು ಬಿಡಿಸಿದವರಿಗೆ ಅರ್ಧ ರಾಜ್ಯ, ಜೊತೆಗೆ ರಾಜಕುಮಾರಿಯ ಕೈಹಿಡಿಯುವ ಭಾಗ್ಯ! ತಪ್ಪಿದವರಿಗೆ ಯುಗಾದಿಯ ದಿನ ಶೂಲ!”

ದೀಪಾವಳಿ ಕಳೆಯುತ್ತಲೇ ಸಿರಿದುರ್ಗದ ಬೀದಿಬೀದಿಯಲ್ಲಿ ಹೀಗೆ ಡಂಗುರ ಸಾರಿತು.

ಊರದೇವತೆ ಬನದಮ್ಮನ ಗುಡಿಗೆ ನಿತ್ಯ ಹೂ ಹೋಗುತ್ತಿದ್ದುದು ಅರಮನೆಯ ಹಿತ್ತಿಲ ತೋಟದಿಂದ. ಅದನ್ನು ಬೆಳೆಸಿದವಳು ಮಹಾರಾಣಿ. ಆ ಪುಣ್ಯವಂತೆ ಪ್ರಾಣ ಬಿಡುವಾಗ ಮಗಳಿಗೆ ಮೂರು ಒಗಟು ಹೇಳಿ, “ಇವನ್ನು ಬಿಡಿಸಿದರೆ ಬನದಮ್ಮನಿಗೆ ಎಂದೂ ಹೂವಿನ ಕೊರತೆಯಾಗದು ಮಗಳೇ. ಉತ್ತರ ಸರಿಯೋ ತಪ್ಪೋ ತೋಟವೇ ಹೇಳುತ್ತದೆ” ಎಂದು ಕಣ್ಣು ಮುಚ್ಚಿದಳು. ಅಂದಿನಿಂದ ರಾಜಕುಮಾರಿ ತಾಯಿ ನೆಟ್ಟ ಗಿಡದ ಒಂದೆಲೆಯನ್ನೂ ಯಾರಿಗೂ ಮುಟ್ಟಗೊಡಲಿಲ್ಲ. ಹೊತ್ತುಹೊತ್ತಿಗೂ ತಾನೇ ನೀರೆರೆದಳು. ಗಿಡಗಳೇನೋ ಆಳೆತ್ತರ ಬೆಳೆದವು. ಹೂ ಮಾತ್ರ ವರ್ಷ ವರ್ಷ ಕಡಿಮೆಯಾಗಿ ಕೊನೆಗೆ ನಿಂತೇಹೋಯಿತು. ಬನದಮ್ಮ ಬರೀ ಪತ್ರೆಯಲ್ಲೇ ಪೂಜೆಗೊಂಡಳು. ಆ ದೇವಿ ಮುನಿಯಲಿಲ್ಲ, ಕಾದಳು. ಒಗಟು ಮಗಳಿಗೂ ಬಿಡಲಿಲ್ಲ, ಅದಕ್ಕೇ ಅರಸ ಡಂಗುರ ಸಾರಿಸಿದ್ದ.

ಒಗಟು ಬಿಡಿಸಲು ಮೊದಲು ಬಂದವನು ನೆರೆಯ ನಾಡಿನ ದೊರೆಮಗ. ರಾಜಕುಮಾರಿ ಕೇಳಿದಳು: “ತಲೆ ಕತ್ತರಿಸಿದರೆ ನಗುತ್ತದೆ, ತಲೆ ನೇವರಿಸಿದರೆ ಮುಖ ಗಂಟಿಕ್ಕುತ್ತದೆ. ಯಾವುದದು?”

“ದೀಪ! ಕುಡಿ ಕತ್ತರಿಸಿದರೆ ತಾನೆ ಚೆನ್ನಾಗಿ ಉರಿಯುವುದು?” ಸಭೆಯಲ್ಲಿ ಚಪ್ಪಾಳೆ.

“ಹೊಟ್ಟೆ ತುಂಬ ಉಣಿಸಿದರೆ ಕೈ ಮುಚ್ಚುತ್ತದೆ, ಉಪವಾಸ ಕೆಡವಿದರೆ ಕೈ ಬಿಚ್ಚಿ ಕೊಡುತ್ತದೆ. ಯಾವುದದು?”

“ಸನ್ಯಾಸಿ!”

“ಒಂದೇ ಮನೆಯಲ್ಲಿದ್ದಾಗ ಬಂಜೆಯರು, ಬೇರೆ ಮನೆ ಮಾಡಿಕೊಟ್ಟರೆ ಮಕ್ಕಳೊಂದಿಗರು. ಯಾರವರು?”

“ಅದಕ್ಕೇನು, ಒಂದೇ ಮನೆಯ ಸೊಸೆಯಂದಿರು!” ಎಂದ ದೊರೆಮಗ.

ಸಭೆ ನಕ್ಕಿತು. ತೋಟ ನಗಲಿಲ್ಲ, ಒಂದು ಮೊಗ್ಗೂ ಕಾಣಲಿಲ್ಲ. ದೊರೆಮಗ ಸೆರೆಮನೆ ಸೇರಿದ. ಹಿಂದೆಯೇ ಬಂದ ಪಂಡಿತರೊಬ್ಬರು ಮೂರಕ್ಕೂ “ಮಾಯೆ” ಎಂದು ಅದೇ ಸೆರೆಮನೆಯ ಚಾಪೆ ಹಿಡಿದರು.

ಅಷ್ಟರಲ್ಲಿ ಒಂದು ಬೆಳಿಗ್ಗೆ ಕಾವಲುಗಾರರು ಒಬ್ಬ ಹುಡುಗನನ್ನು ದರದರನೆ ಎಳೆತಂದರು. ಗುಡ್ಡದಲ್ಲಿ ಕುರಿ-ಮೇಕೆ ಕಾಯುವ ಗ್ಯಾತ. ಅವನ ಮೇಕೆ ಬೇಲಿ ಹಾರಿ ರಾಣಿಯ ಮಲ್ಲಿಗೆ ಬಳ್ಳಿ ಮೇಯ್ದುಬಿಟ್ಟಿತ್ತು!

“ಅಮ್ಮ ನೆಟ್ಟ ಬಳ್ಳಿ!” ಎಂದಳು ರಾಜಕುಮಾರಿ. “ಇವನಿಗೂ ಶೂಲವೇ.”

“ತಪ್ಪಾಯ್ತು ಅಮ್ಮಾವ್ರೇ. ಆದ್ರೆ ಬಳ್ಳಿಗೇನೂ ಆಗಲ್ಲ. ನಮ್ಮ ಗುಡ್ಡದಾಗೆ ಮೇಕೆ ಬಾಯಿ ಹಾಕಿದ ಪೊದೆನೇ ಚಿಗುರೊಡೆದು ಮೈತುಂಬ ಹೂ ಬಿಡೋದು. ತಲೆ ಕತ್ತರಿಸಿಕೊಂಡು ನಗ್ತಾವೆ!”

ರಾಜಕುಮಾರಿ ಎದ್ದು ನಿಂತಳು. “ಏನಂದೆ? ಇನ್ನೊಮ್ಮೆ ಹೇಳು! ಹಾಗಾದರೆ ಹೊಟ್ಟೆ ತುಂಬ ಉಣಿಸಿದರೆ ಕೈ ಮುಚ್ಚುವುದು ಯಾವುದು?”

ಗ್ಯಾತ ತಲೆ ಕೆರೆದುಕೊಂಡ. “ತೋಟದ ಸಂಗ್ತಿ ನಂಗೊತ್ತಿಲ್ಲ ತಾಯೀ. ಕುರಿಯಾದ್ರೆ ಗೊತ್ತು. ಮೇಯ್ಸಿ ಮೇಯ್ಸಿ ಕೊಬ್ಬಿಸಿದ್ರೆ ಗಬ್ಬ ನಿಲ್ಲಲ್ಲ. ನಿಮ್ಮ ಗಿಡಾನೂ ಹಂಗೇ ಕೊಬ್ಬೈತೆ. ದಿನಾ ನೀರು ಹುಯ್ತೀರಲ್ಲ?”

“ಬೇರೆ ಮನೆ ಮಾಡಿಕೊಟ್ಟರೆ ಮಾತ್ರ ಮಕ್ಕಳೊಂದಿಗರಾಗುವವರು?”

“ದೊಡ್ಡಿ ತುಂಬಿ ಒತ್ತಾದ್ರೆ ಮರಿ ಹುಟ್ಟಲ್ಲ, ಹಿಂಡು ಒಡೀತೀವಿ. ನೆಲದೊಳಗೆ ಹಂಗೆ ಒತ್ತಾಗಿರೋದು ಏನಾದ್ರೂ ಐತಾ ಅಂತ ಅಗೆದು ನೋಡಬೇಕು.”

ಸುಗಂಧರಾಜದ ಮಡಿ ಅಗೆದರು. ಕಾಲಿಡಲು ಜಾಗವಿಲ್ಲದ ಸಂತೆಯಂತೆ ಗಡ್ಡೆಗೆ ಗಡ್ಡೆ ಅಂಟಿಕೊಂಡು ಉಸಿರುಕಟ್ಟಿ ಕೂತಿದ್ದವು!

ಬಿಡಿಸಿ ದೂರದೂರ ನೆಟ್ಟರು. ನೀರು ನಿಲ್ಲಿಸಿದರು. ಗಿಡಗಳು ಬಾಯಾರಿ ಎಲೆ ಉದುರಿಸಿದ ಮೇಲೆ ಗ್ಯಾತ ಕುಡುಗೋಲನ್ನು ರಾಜಕುಮಾರಿಯ ಕೈಗೇ ಕೊಟ್ಟ.

“ನನ್ನಿಂದಾಗದು,” ಎಂದಳು ಅವಳು. “ಇದು ಅಮ್ಮನನ್ನೇ ಕಡಿದ ಹಾಗೆ.”

“ನಿಮ್ಮಮ್ಮ ನಿಮಗೆ ಕೊಟ್ಟು ಹೋಗಿದ್ದು ಒಗಟು ತಾಯೀ. ಕಾವಲು ಕಾಯಿ ಅಂದಿದ್ರಾ?”

ಅವಳು ಬನದಮ್ಮನನ್ನು ನೆನೆದು ಕಣ್ಣೀರಿನಲ್ಲೇ ಕತ್ತರಿಸಿದಳು. ಗೊಬ್ಬರ ಹಾಕಿ ಆಮೇಲೆ ನೀರು ಬಿಟ್ಟರು.

ತೋಟ ಬೋಳಾಯಿತು. “ಇದ್ದ ಹಸಿರೂ ಹೋಯ್ತಲ್ಲೋ ಮೇಕೆರಾಯ!” ಎಂದು ಮಂತ್ರಿ ಮೂದಲಿಸಿದ. ಗ್ಯಾತ ದಿನವೂ ಗುಡಿಯ ಹೊರಗೆ ಅಡ್ಡಬಿದ್ದು, “ತಾಯೀ, ನನ್ನ ತಲೆ ಹೋದ್ರೆ ಹೋಗ್ಲಿ, ಆ ಹುಡುಗೀಗೆ ಗಿಡ ಕಡಿದ ಪಾಪ ತಟ್ಟದಿರ್ಲಿ” ಎಂದು ಬೇಡಿದ. ಮಾಘದಲ್ಲಿ ಚಿಗುರು ಬಂತು. ಫಾಲ್ಗುಣ ಕಳೆಯುವಾಗ, ಅಯ್ಯೋ ನನ್ನ ತಾಯಿ, ಗಿಣ್ಣುಗಿಣ್ಣಿಗೂ ಮೊಗ್ಗು!

ಯುಗಾದಿ ಬಂತು. ಸೂರ್ಯ ಹುಟ್ಟಿದ. ಮೊಗ್ಗು ಬಿರಿದಿರಲಿಲ್ಲ.

“ಗಡುವು ಮುಗಿಯಿತು. ಮೊಗ್ಗು ಹೂವಲ್ಲ,” ಎಂದ ಮಂತ್ರಿ. ಸೆರೆಯಾಳುಗಳನ್ನೂ ಗ್ಯಾತನನ್ನೂ ಸಾಲಾಗಿ ನಿಲ್ಲಿಸಿದರು.

ರಾಜಕುಮಾರಿ ತಂದೆಯ ಕಾಲು ಹಿಡಿದಳು. “ಅಪ್ಪಾಜಿ, ಡಂಗುರದಲ್ಲಿ ಯುಗಾದಿಯ ದಿನ ಎಂದಿತ್ತು. ಬೆಳಿಗ್ಗೆ ಎಂದಿರಲಿಲ್ಲ. ದೀಪ ಹಚ್ಚುವವರೆಗೂ ದಿನ ಬನದಮ್ಮನದೇ.”

ಅರಸ ಮಗಳ ಮುಖ ನೋಡಿ ತಲೆಯಾಡಿಸಿದ. ಊರಿಗೆ ಊರೇ ತೋಟದ ಬೇಲಿಗೆ ಒರಗಿತು. ಮಧ್ಯಾಹ್ನ ಸರಿಯಿತು, ನೆರಳು ಉದ್ದವಾಯಿತು. ಶೂಲದ ಬಳಿ ನಿಂತ ಗ್ಯಾತ ಕಣ್ಣು ಮುಚ್ಚಿದ್ದ. ಗುಡಿಯಲ್ಲಿ ಸಂಜೆಯಾರತಿಯ ಗಂಟೆ ಮೊಳಗಿತು.

ಗಾಳಿಯಲ್ಲಿ ಘಮ್ಮೆಂದಿತು!

“ಬಿರೀತು! ಬಿರೀತು!” ಬೇಲಿ ಹತ್ತಿ ಕೂತ ಹೆಂಗಸೊಬ್ಬಳು ಕೂಗಿದಳು. ಒಂದು, ಆಮೇಲೆ ಹತ್ತು, ಆಮೇಲೆ ಎಣಿಸುವವರಿಲ್ಲ. ಬಳ್ಳಿಯ ತುಂಬ ಮಲ್ಲಿಗೆ ಬಾಯಿ ಬಿಟ್ಟಿತು, ಪಕ್ಕದ ಮಡಿಯಲ್ಲಿ ಸುಗಂಧರಾಜದ ಕೋಲುಗಳು ಬೆಳ್ಳಗೆ ಎದ್ದು ನಿಂತವು.

ರಾಜಕುಮಾರಿ ಎಲ್ಲರಿಗೂ ಬಿಡಿಸಿ ಹೇಳಿದಳು. “ಕತ್ತರಿಸಿದರೆ ನಗುವುದು ಮಲ್ಲಿಗೆ. ಬಾಯಾರಿದರೆ ಕೊಡುವುದೂ ಅದೇ. ಬೇರೆ ಮನೆ ಬೇಡುತ್ತಿದ್ದವರು ನೆಲದೊಳಗಿನ ಗಡ್ಡೆಗಳು. ನಾನು ಪ್ರೀತಿಯೆಂದುಕೊಂಡು ಅವಕ್ಕೆ ಉಸಿರಾಡಲು ಬಿಡಲಿಲ್ಲ.”

ಅರಸ ಶೂಲ ಕೀಳಿಸಿ, ಸೆರೆಯಾಳುಗಳನ್ನು ಬಿಡಿಸಿ, ಅರ್ಧ ರಾಜ್ಯವನ್ನು ಗ್ಯಾತನಿಗೆ ಧಾರೆಯೆರೆದ. ಮೊದಲ ಬೊಗಸೆ ಹೂ ಬನದಮ್ಮನ ಮುಡಿಗೇರಿತು. ಉಳಿದದ್ದನ್ನು ಮಾಲೆ ಕಟ್ಟಿ ರಾಜಕುಮಾರಿ ಗ್ಯಾತನ ಮುಂದೆ ಬಂದಳು.

“ಬಗ್ಗು,” ಎಂದಳು.

“ಮತ್ತೆ ತಲೆಗೇ ಬಂದ್ರಾ ಅಮ್ಮಾವ್ರೇ?” ಎಂದ ಅವನು, ಬಗ್ಗುತ್ತಾ.

ಕತೆ ಕೇಳಿದವರ ಹಿತ್ತಿಲಲ್ಲಿ ನಿಂತುಹೋದ ಹೂವನ್ನೂ ತಾಯಿ ಬನದಮ್ಮ ಮತ್ತೆ ಅರಳಿಸಲಿ.