ಬೆಳ್ಳಿ ಶಂಖ ಮತ್ತು ಬಳಚಿನ ಸಾರು

ಬನ್ನಿ ಮಕ್ಕಳೇ, ಇನ್ನೂ ಹತ್ತಿರ ಕೂತುಕೊಳ್ಳಿ. ಕಡಲ ಕರೆಯಲ್ಲಿ ಅಳಿವೆಪುರ ಅಂತ ಒಂದು ರಾಜ್ಯವಿತ್ತು. ಹೊಳೆ ಕಡಲಿಗೆ ಸೇರುವ ಬಾಯಲ್ಲೇ ಅದರ ಬಂದರು. ಬಂದರಿನ ತುಂಬ ಹಡಗು. ಆ ಹಡಗುಗಳ ತಳ ಕೆರೆಯುವವನೊಬ್ಬನಿದ್ದ, ಜಟ್ಟ ಅಂತ.

ತಳ ಕೆರೆಯುವುದು ಎಂದರೇನು ಅಂತೀರಾ? ಹಡಗು ಉಪ್ಪುನೀರಿನಲ್ಲಿ ನಿಂತರೆ ಅದರ ಹೊಟ್ಟೆಗೆ ಕಲ್ಲಿನಂಥ ಚಿಪ್ಪುಹುಳಗಳು ಅಂಟಿಕೊಳ್ಳುತ್ತವೆ. ಹತ್ತರ ಮೇಲೆ ನೂರು, ನೂರರ ಮೇಲೆ ಸಾವಿರ. ಆಮೇಲೆ ಎಷ್ಟು ಹಾಯಿ ಬಿಚ್ಚಿದರೂ ಹಡಗು ಗಬ್ಬದ ಎಮ್ಮೆಯ ಹಾಗೆ ತೆವಳುತ್ತದೆ. ಜಟ್ಟ ಇಳಿತದ ಹೊತ್ತಿಗೆ ಕೆಸರಿನಲ್ಲಿ ಮಲಗಿ, ಉಳಿ ಹಿಡಿದು, ಅದನ್ನೆಲ್ಲ ಕೆರೆದು ತೆಗೆಯುತ್ತಿದ್ದ. ಅವನ ಹೆಂಡತಿ ಬಚ್ಚಿ ಅದೇ ಕೆಸರಿನಲ್ಲಿ ಬಳಚು ಹೆಕ್ಕುತ್ತಿದ್ದಳು. ಆ ಬಳಚಿನ ಚಿಪ್ಪಿನೊಳಗಿನ ಮಾಂಸದಿಂದಲೇ ಅವರ ಮನೆಯ ಸಾರು, ಅರ್ಧ ಊರಿನ ಸಾರು.

ಅದೇ ಊರಲ್ಲಿ ಏಳು ಹಡಗಿನ ಸಾವುಕಾರ ದಾಸಪ್ಪಯ್ಯ. ತಳ ಕೆರೆದವನಿಗೆ ಒಂದು ತಟ್ಟೆ ಗಂಜಿ ಹಾಕಲೂ ಅವನಿಗೆ ಕೈ ಬಾರದು. ಎಲ್ಲಿಂದಲೋ ಪಾಷಾಣ ತರಿಸಿದ, ಎಣ್ಣೆಯಲ್ಲಿ ಕಲಸಿದ, ಹಸಿರು ಬಣ್ಣ ಬೆರೆಸಿದ, ಹಡಗಿನ ತಳಕ್ಕೆ ಬಳಿಸಿದ. ಯಾರು ಕೇಳಿದರೂ “ಬೇವಿನೆಣ್ಣೆ” ಅಂದ. ಚಿಪ್ಪುಹುಳ ಸತ್ತವು, ನಿಜ. ಆದರೆ ಇದು ಹುಳ, ಇದು ಮೀನು, ಇದು ಬಳಚು ಅಂತ ಪಾಷಾಣಕ್ಕೇನು ಗೊತ್ತು ಹೇಳಿ!

ಒಂದು ದಿನ ಜಟ್ಟ ಕೆಸರಿನಲ್ಲಿದ್ದಾಗ ಒಂದು ಮುದಿ ಏಡಿ ಬಂತು. “ಜಟ್ಟಣ್ಣಾ, ನೀರು ಕಹಿಯಾಯ್ತು ಮಾರಾಯ. ಕಾಲು ಜೋಮು ಹಿಡೀತದೆ.”

“ನಿಂಗೆ ವಯಸ್ಸಾಯ್ತು ಅಜ್ಜಾ” ಅಂತ ಜಟ್ಟ ನಕ್ಕ.

ಎರಡನೇ ದಿನ ಏಡಿ ಮತ್ತೆ ಬಂತು. “ಜಟ್ಟಣ್ಣಾ, ನನ್ನ ಮೊಮ್ಮಕ್ಕಳು ಏಳ್ತಾ ಇಲ್ಲ.” ಜಟ್ಟ ನಗಲಿಲ್ಲ.

ಮೂರನೇ ದಿನವೂ ಬಂತು. ಅವನ ಕಾಲ ಬುಡದಲ್ಲಿ ಅಂಗಾತ ಬಿದ್ದುಕೊಂಡಿತು.

ಜಟ್ಟ ಅದನ್ನು ಅಂಗೈಗೆ ಎತ್ತಿಕೊಂಡ. ಅಪ್ಪ ಬಿಟ್ಟುಹೋದ ಒಂದು ಹಳೇ ಮಚವೆ, ಸಣ್ಣ ಹಾಯಿದೋಣಿ, ಅವನ ಬಳಿ ಇತ್ತು. ಏಡಿಯನ್ನು ಕೊಡದಲ್ಲಿಟ್ಟ, ಹೆಂಡತಿಯನ್ನು ಕೂರಿಸಿಕೊಂಡ, ಹೊಳೆಯ ಮೇಲ್ಬದಿಗೆ, ಅವಳ ತವರಿನ ಕಡೆಗೆ, ಮಚವೆ ಬಿಟ್ಟ. ಅಲ್ಲಿ ನೀರು ತಿಳಿ, ಸಿಹಿ. ಅತ್ತೆ ಅಳಿಯನನ್ನು ಅಷ್ಟು ಸುಲಭಕ್ಕೆ ಬಿಡುತ್ತಾಳೆಯೇ? ಎಂಟು ದಿನವೂ ಕಡುಬು, ಎಂಟು ದಿನವೂ ಪಾಯಸ. ಅಷ್ಟರಲ್ಲಿ ಏಡಿ ಚೇತರಿಸಿಕೊಂಡು ಮಚವೆಯ ಅಡಿಯಲ್ಲಿ ಓಡಾಡತೊಡಗಿತು.

“ಜಟ್ಟಣ್ಣಾ, ಒಂಚೂರು ಕೆಳಗೆ ಕಾಣು!”

ಜಟ್ಟ ಮುಳುಗಿ ಕೈಯಾಡಿಸಿದ. ತಳಕ್ಕೆ ಅಂಟಿದ್ದ ಚಿಪ್ಪುಹುಳಗಳೆಲ್ಲ ಸತ್ತು, ಮುಟ್ಟಿದರೆ ಉದುರುತ್ತಿದ್ದವು.

“ನಮಗೆ ಉಪ್ಪೂ ಆಗ್ತದೆ, ಸಿಹಿಯೂ ಆಗ್ತದೆ. ಅವಕ್ಕೆ ಸಿಹಿನೀರು ಆಗೂದಿಲ್ಲ” ಅಂತು ಏಡಿ.

ಅವರು ಊರಿಗೆ ಮರಳುವಾಗ ಬಂದರಿನಲ್ಲಿ ಡಂಗುರ. “ಕಡಲಿಗೆ ಕೇಡಿಲ್ಲದ ಹಾಗೆ ಹಡಗು ನಡೆಸುವ ಹೊಸ ದಾರಿ ಯಾರು ತೋರಿಸುತ್ತಾರೋ, ಅವರಿಗೆ ಮಹಾರಾಜರಿಂದ ಬೆಳ್ಳಿ ಶಂಖ! ಗೆದ್ದವರ ಕ್ರಮವೇ ಇನ್ನು ಬಂದರಿನ ಎಲ್ಲ ಹಡಗಿಗೂ ಕಟ್ಟಳೆ!”

ಬಚ್ಚಿ ಗಂಡನ ತೋಳು ಹಿಡಿದಳು. “ಹ್ವಾಯ್, ಕೇಳಿದ್ರಾ? ಸಾವುಕಾರ್ರು ಹಸಿರು ಬಣ್ಣ ಬಳಿಸಿದ ಮೇಲೇ ನೀರು ಕಹಿ ಆದ್ದು. ಅವರು ಗೆದ್ರೆ ಎಲ್ಲ ಹಡಗಿಗೂ ಅದೇ ಬಣ್ಣ. ಆಮೇಲೆ ಹೊಳೆಯಲ್ಲಿ ಎಂತ ಉಳೀತದೆ? ನೀವೂ ಹೋಗಿ.”

ಜಟ್ಟ ಕೈಯಲ್ಲಿದ್ದ ಉಳಿ ನೋಡಿದ. “ಹಡಗು ತನ್ನಷ್ಟಕ್ಕೇ ಚೊಕ್ಕಟ ಆದ್ರೆ ನಂಗೆ ಎಂತ ಕೆಲಸ ಬಚ್ಚೀ?”

“ಹೊಳೆ ಸತ್ರೆ ಉಳಿ ಇಟ್ಕೊಂಡು ಎಂತ ಮಾಡ್ತೀರಿ?”

ಜಟ್ಟ ಉಳಿಯನ್ನು ಸೊಂಟಕ್ಕೆ ಸಿಕ್ಕಿಸಿ, ಮಚವೆ ಹತ್ತಿ ರಾಜನೆದುರಿಗೆ ಹೋದ.

ಮೂರು ಪರೀಕ್ಷೆ ನಡೆದವು. ಮೊದಲನೆಯದು, ತಳ ಚೊಕ್ಕಟವಿದೆಯೇ? ಇಬ್ಬರದೂ ಚೊಕ್ಕಟ, ದಾಸಪ್ಪಯ್ಯನದು ಬಣ್ಣದಿಂದ, ಜಟ್ಟನದು ಸಿಹಿನೀರಿನಿಂದ. ಎರಡನೆಯದು, ಹಡಗು ಓಡುತ್ತದೆಯೇ? ದಾಸಪ್ಪಯ್ಯನ ದೊಡ್ಡ ಹಡಗು ಭರ್ರನೆ ಓಡಿ ಗೆದ್ದೇಬಿಟ್ಟಿತು. ಮಚವೆ ಹಿಂದೆ ಬಿತ್ತು. ಜಟ್ಟನ ಮುಖ ಸಪ್ಪಗಾಯಿತು. ಮೂರನೆಯದು, ಕಡಲಿಗೆ ಕೇಡಿಲ್ಲವೇ?

“ಬೇವಿನೆಣ್ಣೆಯಿಂದ ಎಂಥ ಕೇಡು ಮಹಾಪ್ರಭೂ?” ಅಂತ ದಾಸಪ್ಪಯ್ಯ ಕೈಮುಗಿದ. ಹಡಗಿಗೆ ಬೇವಿನ ತೋರಣ ಬೇರೆ ಕಟ್ಟಿಸಿದ್ದ! ರಾಜ ತಲೆದೂಗಿದ. ಅವನಿಗೆ ಕೊಡಲು ಶಂಖ ಎತ್ತಿಕೊಂಡೇಬಿಟ್ಟ.

ಆಗ ಬಚ್ಚಿ ಎರಡು ಗಡಿಗೆ ಹೊತ್ತು ಮುಂದೆ ಬಂದಳು. “ಒಡೆಯಾ, ನಮ್ಮ ಬಂದರಲ್ಲಿ ಹಿಂದಿನಿಂದ ಒಂದು ಕ್ರಮ ಉಂಟು. ಹಡಗಿಗೆ ಹೊಸ ಎಣ್ಣೆ ಬಳಿದ್ರೆ, ಅದರಡಿಯ ಕೆಸರಿನ ಬಳಚನ್ನ ಹಡಗಿನೊಡೆಯ ಮೊದಲು ಉಣ್ಣಬೇಕು. ಇದು ಸಾವುಕಾರ್ರ ಪಾಲು, ಇದು ನಮ್ಮ ಪಾಲು.”

“ಹೌದು, ಅದು ನನ್ನ ಅಜ್ಜನ ಕಾಲದ ಕ್ರಮ” ಅಂದ ರಾಜ.

ಜಟ್ಟ ತನ್ನ ಪಾಲನ್ನು ಸುರ್ರೆಂದು ಕುಡಿದ. ದಾಸಪ್ಪಯ್ಯನ ಹಣೆ ಬೆವರಿತು.

“ಇವತ್ತು ನನಗೆ ಉಪವಾಸ.”

“ಹಡಗಿನೂಟಕ್ಕೆ ಉಪವಾಸ ಅಡ್ಡಿಯಿಲ್ಲ” ಅಂದ ರಾಜ.

“ಹೊಟ್ಟೆ ಸರಿಯಿಲ್ಲ.”

“ಒಂದೇ ಗುಟುಕು ಸಾಕು” ಅಂದಳು ಬಚ್ಚಿ.

“ನನಗೆ... ನನಗೆ ಬಳಚು ಸೇರುವುದಿಲ್ಲ.”

ಅಷ್ಟರಲ್ಲಿ ಸಾರಿನ ಘಮಕ್ಕೆ ದಾಸಪ್ಪಯ್ಯನ ಪುಟ್ಟ ಮೊಮ್ಮಗಳು ಓಡಿಬಂದಳು. “ಅಜ್ಜಂಗೆ ಬೇಡದಿದ್ರೆ ನಂಗೆ!” ಅಂತ ಗಡಿಗೆಗೆ ಕೈ ಹಾಕಿದಳು. ದಾಸಪ್ಪಯ್ಯ ಚಿಟ್ಟನೆ ಚೀರಿದ. “ಬೇಡ ಪುಟ್ಟೀ! ಮುಟ್ಟಬೇಡ! ಅದರಲ್ಲಿ ಪಾಷಾಣ ಇದೆ!”

ರಾಜ ಶಂಖವನ್ನು ಕೆಳಗಿಟ್ಟ.

ಬಚ್ಚಿ ಅದೇ ಗಡಿಗೆಯಿಂದ ಸಾರು ಬಗ್ಗಿಸಿ ಗಟಗಟ ಕುಡಿದಳು. ಜಟ್ಟ ಓಡಿಬಂದು ಅವಳ ಕೈ ಹಿಡಿದ. “ಬಚ್ಚೀ!”

“ಹೆದರಬೇಡಿ. ಎರಡೂ ಗಡಿಗೆಯ ಬಳಚು ನನ್ನ ತವರಿನ ಕಡೆಯದು. ಸಾವುಕಾರ್ರ ಹಡಗಿನಡಿಯಲ್ಲಿ ಬದುಕಿದ ಬಳಚು ಒಂದೂ ಸಿಕ್ಕಲಿಲ್ಲ. ಸಿಕ್ಕಿದ್ದರೂ ಹಗೆಗಾದರೂ ವಿಷ ಬಡಿಸುವ ಕೈ ನಂದಲ್ಲ.” ಹಾಗೆಂದು ಮೊಮ್ಮಗಳಿಗೂ ಒಂದು ಬಟ್ಟಲು ಕೊಟ್ಟಳು. ಮಗು ಚಪ್ಪರಿಸಿ ತಿಂದಿತು.

ದಾಸಪ್ಪಯ್ಯ ತಲೆ ತಗ್ಗಿಸಿ ಗಳಗಳ ಅತ್ತ. ರಾಜ ಹೇಳಿದ: “ನಿನ್ನ ಮೊಮ್ಮಗಳ ಮೇಲಿನ ಈ ಕರುಳು ಹೊಳೆಯ ಮರಿಗಳ ಮೇಲೆ ಯಾಕೆ ಬರಲಿಲ್ಲ ದಾಸಪ್ಪಯ್ಯ? ಏಳೂ ಹಡಗು ದಡಕ್ಕೆ ಎಳೆಸು. ಬಣ್ಣವನ್ನು ನೀನೇ ಕೆರೆ. ಕೆರೆದದ್ದರಲ್ಲಿ ಒಂದು ಚೂರೂ ನೀರಿಗೆ ಬೀಳಬಾರದು.” ಬೆಳ್ಳಿ ಶಂಖವನ್ನು ಜಟ್ಟನ ಕೈಗಿಟ್ಟ.

ಕೆರೆಯಲು ಉಳಿ ಬೇಕಲ್ಲ? ಜಟ್ಟ ತನ್ನದನ್ನೇ ಕೊಟ್ಟ. ಹೇಗೆ ಹಿಡಿಯಬೇಕು, ಎಲ್ಲಿ ಒತ್ತಬೇಕು ಅಂತ ಪಕ್ಕದಲ್ಲಿ ಕೂತು ಹೇಳಿಕೊಟ್ಟ. ಅವನಿಗೇನು, ಬೇರೆ ಕೆಲಸ ಸಿಕ್ಕಿತ್ತು. ಅಂದಿನಿಂದ ಹಡಗುಗಳೆಲ್ಲ ಸರದಿಯಲ್ಲಿ ಎಂಟೆಂಟು ದಿನ ಸಿಹಿನೀರಿಗೆ ಹೋಗಬೇಕು, ದಾರಿ ತೋರಿಸುವವನು ಜಟ್ಟ. ಅತ್ತೆಮನೆಯ ಕಡುಬು ಬೇರೆ!

ಮುಂದಿನ ಮಳೆಗಾಲ ಕಳೆದ ಮೇಲೆ ಜಟ್ಟ ಕೆಸರಿಗಿಳಿದು ಶಂಖ ಊದಿದ. ಮೇಲ್ಬದಿಯಿಂದ ಮರಳಿ ಬಂದಿದ್ದ ಮುದಿ ಏಡಿ ತನ್ನ ಬಿಲದಿಂದ ಹೊರಬಂತು. ಅದರ ಹಿಂದೆ ಉಗುರಿನಷ್ಟು ಸಣ್ಣ ಸಣ್ಣ ಮರಿಗಳು, ಎಣಿಸಲಾಗದಷ್ಟು.

ನೋಡಿದಿರಲ್ಲ ಮಕ್ಕಳೇ? ನಾವು ತಿನ್ನಲು ಹೆದರುವುದನ್ನು ಬೇರೊಂದು ಜೀವದ ನೀರಿಗೆ ಹಾಕಬಾರದು. ಇದೇ ಈ ಕಥೆಯ ನೀತಿ. ಏಡಿ ತನ್ನ ಬಿಲಕ್ಕೆ ಹೋಯಿತು, ನೀವಿನ್ನು ಕೈಕಾಲು ತೊಳೆದು ಊಟಕ್ಕೆ ಏಳಿ.